ಎಂಟರ ನಲವತ್ತು

ಹಿರೇಗುಡ್ಡದ ತಾಮ್ರದ ಗಣಿ ಮೂರು ಕಿಲೋಮೀಟರ್ ಆಳಕ್ಕೆ ಇಳಿದಾಗ ಮನುಷ್ಯರಿಗಿಂತ ಮೊದಲು ಸೋತವು ಚಿಪ್‌ಗಳು. ಅಲ್ಲಿಯ ಬಂಡೆ ಅಂಗೈ ಸುಡುತ್ತಿತ್ತು. ಬಿರುಕಿನಿಂದ ಏಳುವ ಹುಳಿ ಹಬೆ ಕಬ್ಬಿಣವನ್ನೇ ತಿನ್ನುತ್ತಿತ್ತು. ಪೇಟೆಯಿಂದ ತಂದ ಯಾವ ಪ್ರೊಸೆಸರ್ ಕೂಡ ಅಲ್ಲಿ ಎರಡು ತಿಂಗಳು ಬಾಳಲಿಲ್ಲ. ಕೊನೆಗೆ ಯಾವುದೋ ಪ್ರಯೋಗಾಲಯದವರು ಪಿಂಗಾಣಿಯಂಥ ಒಂದು ವಸ್ತುವಿನಿಂದ ಚಿಪ್ ಮಾಡಿಕೊಟ್ಟರು. ಅದರ ನೆನಪು ಸಣ್ಣ ಸಣ್ಣ ಕಾಳುಗಳಲ್ಲಿ ಇರುತ್ತಿತ್ತು, ಒಂದೊಂದು ಕಾಳಿನಲ್ಲಿ ಆರು ಮಣಿ. ಒಂದೊಂದು ಮಣಿಯೂ ಎದ್ದಿರಬೇಕು, ಇಲ್ಲವೆ ಮಲಗಿರಬೇಕು. ಆ ವಸ್ತುವಿನ ಹರಳು ಬೆಳೆಯುತ್ತಿದ್ದುದೇ ಹಾಗೆ. ಐದನ್ನೋ ಎಂಟನ್ನೋ ಮಾಡೆಂದರೆ ಅದು ಒಪ್ಪುತ್ತಿರಲಿಲ್ಲ. ಗಣಿಯವರು ಅದನ್ನು ‘ಆರುಮಣಿ’ ಎಂದೇ ಕರೆದರು.

ಆರು ಮಣಿಯನ್ನು ಮೂರು ಮೂರಾಗಿ ಒಡೆದರೆ ಓದುವುದು ಸುಲಭ. ಮೂರು ಮಣಿಗಳು ಎಂಟು ಬಗೆಯಲ್ಲಿ ನಿಲ್ಲಬಲ್ಲವು, ಆದ್ದರಿಂದ ಸೊನ್ನೆಯಿಂದ ಏಳರವರೆಗಿನ ಅಂಕಿ ಸಾಕು. ಹೀಗಾಗಿ ಹಿರೇಗುಡ್ಡದ ಕಂಟ್ರೋಲ್ ರೂಮಿನಲ್ಲಿ ಎಂಟು, ಒಂಬತ್ತು ಎಂಬ ಅಂಕಿಗಳೇ ಇರಲಿಲ್ಲ. ಏಳಾದ ಮೇಲೆ ಹತ್ತು ಎಂದು ಬರೆಯುತ್ತಿದ್ದರು, ಆ ಹತ್ತಕ್ಕೆ ಬೆಲೆ ಎಂಟು. ಹೊಸಬರು ಮೊದಲ ವಾರ ತಲೆ ಕೆರೆದುಕೊಳ್ಳುತ್ತಿದ್ದರು. ಮುಂದೆ ಸರಿಹೋಗುತ್ತಿತ್ತು.

ಹುಲಿಗೆಮ್ಮನಿಗೆ ಆ ಒಂದು ವಾರವೂ ಬೇಕಾಗಲಿಲ್ಲ.

ನಾಲ್ಕನೇ ವಯಸ್ಸಿನಲ್ಲಿ ಜ್ವರ ಬಂದು ಅವಳ ಎರಡೂ ಕಣ್ಣು ಹೋಗಿದ್ದವು. ಅಂಧರ ಶಾಲೆಯಲ್ಲಿ ಓದಿ, ಇಪ್ಪತ್ತಾರರಲ್ಲಿ ಗಣಿಯ ಟೆಲಿಫೋನ್ ಕೆಲಸಕ್ಕೆ ಸೇರಿದವಳು. ಒಂದು ದಿನ ಎಂಜಿನಿಯರೊಬ್ಬರು ಆರುಮಣಿಯ ರಚನೆಯನ್ನು ಮತ್ತೊಬ್ಬರಿಗೆ ವಿವರಿಸುವುದು ಅವಳ ಕಿವಿಗೆ ಬಿತ್ತು. ಎಡಕ್ಕೆ ಮೂರು, ಬಲಕ್ಕೆ ಮೂರು, ಎದ್ದದ್ದು, ಮಲಗಿದ್ದು. ಅವಳ ಬೆರಳು ತಾನಾಗಿ ಮೇಜಿನ ಮೇಲೆ ಆಡಿತು. ಅದು ಬ್ರೈಲ್ ಅಕ್ಷರವಲ್ಲವೆ! ಬ್ರೈಲಿನ ಪ್ರತಿ ಅಕ್ಷರವೂ ಆರು ಚುಕ್ಕೆಯ ಮನೆ, ಎಡಕ್ಕೆ ಮೂರು, ಬಲಕ್ಕೆ ಮೂರು. ಅವಳು ಕಾಡಿ ಬೇಡಿ, ಯಂತ್ರದ ನೆನಪನ್ನು ತನ್ನ ಬ್ರೈಲ್ ಪಟ್ಟಿಗೆ, ಬೆರಳಡಿ ಚುಕ್ಕೆ ಏಳುವ ಆ ಸಲಕರಣೆಗೆ, ನೇರವಾಗಿ ಜೋಡಿಸಿಕೊಂಡಳು. ಅಂದಿನಿಂದ ಬೇರೆಯವರು ಪರದೆಯ ಮೇಲೆ ೫೨ ಎಂದು ಓದಿ, ಪುಸ್ತಕ ತೆಗೆದು, ‘ನಿಲ್ಲು ಎಂಬ ಆಜ್ಞೆ’ ಎಂದು ಹೇಳುವಷ್ಟರಲ್ಲಿ ಅವಳ ಬೆರಳಿಗೆ ‘ಓ’ ಅಕ್ಷರ ತಾಗಿ ಹೋಗಿರುತ್ತಿತ್ತು. ಯಂತ್ರ ಕೆಟ್ಟಾಗ ಅದರ ಹೊಟ್ಟೆಯೊಳಗಿನ ಸಾವಿರಾರು ಕಾಳುಗಳನ್ನು ಅವಳು ಜಪಮಾಲೆಯಂತೆ ಎಳೆದು ಓದುತ್ತಿದ್ದಳು. ಎರಡೇ ವರ್ಷದಲ್ಲಿ ಟೆಲಿಫೋನ್ ಬಿಟ್ಟು ಕಂಟ್ರೋಲ್ ರೂಮಿನ ಕುರ್ಚಿಗೆ ಬಂದಳು. ಇಪ್ಪತ್ತೊಂದು ವರ್ಷ ಆ ಕುರ್ಚಿಯಲ್ಲಿ ಕೂತಳು. ‘ಹುಲಿಗೆಮ್ಮ ಅವರ ಬೆರಳು ತಪ್ಪೋದಿಲ್ಲ’ ಎಂಬುದು ಗಣಿಯಲ್ಲಿ ಗಾದೆಯಾಯಿತು.

ಆಮೇಲೆ ಎಂಟುಮಣಿ ಬಂತು.

ಹರಳು ಬೆಳೆಸುವವರು ಕೊನೆಗೂ ಕಾಳಿಗೆ ಎಂಟು ಮಣಿ ಕೂರಿಸುವ ಹದ ಕಂಡುಹಿಡಿದಿದ್ದರು. ಹೊರಗಿನ ಲೋಕದ ಯಂತ್ರಗಳೆಲ್ಲ ಮೊದಲಿನಿಂದಲೂ ಎಂಟು ಮಣಿಯವೇ ಆದ್ದರಿಂದ ಇನ್ನು ಮುಂದೆ ಗಣಿಯೂ ಅವುಗಳ ಭಾಷೆ ಮಾತಾಡಬಹುದಿತ್ತು. ಅದನ್ನು ಕೂರಿಸಲು ಮೈಸೂರಿನ ಕಡೆಯಿಂದ ಇಂಚರ ಎಂಬ ಎಂಜಿನಿಯರ್ ಬಂದಳು. ಇಪ್ಪತ್ತನಾಲ್ಕರ ಹುಡುಗಿ, ಕೆಲಸ ಇನ್ನೂ ಕಾಯಂ ಆಗಿರಲಿಲ್ಲ.

ಮೊದಲ ದಿನವೇ ಹುಲಿಗೆಮ್ಮ ಜಗಳ ತೆಗೆದಳು. “ಯಂತ್ರ ಬದಲಿ ಮಾಡ್ರಿ, ಬ್ಯಾಡ ಅನ್ನೂದಿಲ್ಲ. ಅಂಕಿ ಯಾಕ ಬದಲಿ ಮಾಡ್ತೀರಿ? ಏಳಾದ ಮ್ಯಾಲ ಹತ್ತು ಅನ್ನೂ ಆ ಎಂಟರ ಲೆಕ್ಕದಾಗs ಬರೀರಿ.”

ಇಂಚರ ಬೇಸರಿಸಲಿಲ್ಲ. “ಬರೆದೇ ನೋಡೋಣ ಮೇಡಂ. ಒಂದು ಕಾಳಲ್ಲಿ ಎಂಟೂ ಮಣಿ ಎದ್ದಿದೆ ಅಂತಿಟ್ಕೊಳ್ಳಿ. ಬಲಗಡೆಯಿಂದ ಮೂರು ಮೂರಾಗಿ ಒಡೀರಿ.”

“ಮೂರು, ಮೂರು, ಉಳಿದದ್ದು ಎರಡು. ಮೂರು-ಏಳು-ಏಳು.”

“ಈಗ ಅಂಥದ್ದೇ ಎರಡು ಕಾಳು ಪಕ್ಕಪಕ್ಕ ಇಟ್ಟು ಒಡೀರಿ. ಹದಿನಾರು ಮಣಿ.”

ಹುಲಿಗೆಮ್ಮ ಬೆರಳು ಮಡಚಿದಳು. ಐದು ಸಲ ಮೂರು, ಉಳಿದದ್ದು ಒಂದು. “ಒಂದು-ಏಳು-ಏಳು-ಏಳು-ಏಳು-ಏಳು...” ಎಂದವಳು ತಡೆದಳು. “ಅಯ್ಯ! ಮೂರು-ಏಳು-ಏಳು ಎಲ್ಲಿ ಹೋತು?”

“ಅದೇ ಕಷ್ಟ. ಒಂದೇ ಕಾಳು ಒಂಟಿಯಾಗಿದ್ರೆ ಒಂದು ಥರ, ಜೊತೆಯಲ್ಲಿದ್ರೆ ಇನ್ನೊಂದು ಥರ ಕಾಣುತ್ತೆ. ಗೆರೆ ಬೀಳಬೇಕಾದ ಕಡೆ ಬೀಳಲ್ಲ. ನಾಲ್ಕು ನಾಲ್ಕಾಗಿ ಒಡೆದ್ರೆ ಎಲ್ಲಿಟ್ರೂ ಒಂದೇ ಥರ. ಆದ್ರೆ ನಾಲ್ಕು ಮಣಿ ಹದಿನಾರು ಥರ ನಿಲ್ಲುತ್ತೆ, ಹತ್ತು ಅಂಕಿ ಸಾಲೋದಿಲ್ಲ. ಒಂಬತ್ತಾದ ಮೇಲೆ ಎ, ಬಿ, ಸಿ ಅಂತ ಎಫ್‌ವರೆಗೆ ಅಕ್ಷರ ಸೇರಿಸ್ಕೋಬೇಕು.”

ಹುಲಿಗೆಮ್ಮ ಮಡಚಿದ ಬೆರಳು ಬಿಚ್ಚಿದಳು. ಆರುಮಣಿ ತನಗೆ ಒಲಿದು ಬಂದದ್ದು ಹರಳಿನ ಗುಣದಿಂದ, ಈಗ ಹರಳು ಬೇರೆಯಾಗಿದೆ. ಇದರಲ್ಲಿ ಯಾರ ಹಟವೂ ಇಲ್ಲ ಎಂದು ಅವಳಿಗೆ ಅರ್ಥವಾಯಿತು. ಅರ್ಥವಾದದ್ದಕ್ಕೇ ಹೆಚ್ಚು ಸಂಕಟವಾಯಿತು.

ಅವಳಿಗೆಂದು ಎಂಟು ಚುಕ್ಕೆಯ ಪಟ್ಟಿ ತರಿಸಿದರು, ಎಡಕ್ಕೆ ನಾಲ್ಕು, ಬಲಕ್ಕೆ ನಾಲ್ಕು. ಹೇಳುವುದಕ್ಕೆ ಎರಡೇ ಚುಕ್ಕೆ ಹೆಚ್ಚು. ಆದರೆ ನಲವತ್ತೊಂಬತ್ತರ ವಯಸ್ಸಿನಲ್ಲಿ ಬೆರಳ ತುದಿ ಮೂರನೇ ಸಾಲಿಗೇ ನಿಂತುಬಿಡುತ್ತಿತ್ತು, ಕೆಳಗಿನ ಸಾಲು ಕೈಗೆ ಸಿಗುತ್ತಿರಲಿಲ್ಲ.

ಗಂಡ ಪಂಪಾಪತಿ ದರ್ಜಿ. ಗಣಿಗೆ ಇಳಿಯುವವರ ತಂಪು ಜಾಕೀಟುಗಳನ್ನು, ಒಳಗೆ ತಣ್ಣೀರಿನ ಕೊಳವೆ ಕೂರಿಸಿ, ಹೊಲಿಯುವ ಕೆಲಸ ಅವನದು. ಹೆಂಡತಿ ಊಟದ ತಟ್ಟೆಯ ಅಂಚಿನ ಮೇಲೂ ಬೆರಳಾಡಿಸುವುದನ್ನು ನಾಲ್ಕು ದಿನ ನೋಡಿ, ಐದನೇ ದಿನ ಮೊಳ ಉದ್ದದ ಒಂದು ಬಟ್ಟೆ ತಂದು ಅವಳ ತೊಡೆಯ ಮೇಲೆ ಹಾಕಿದ. ಅದರ ಮೇಲೆ ಸಣ್ಣ ಗುಂಡಿಗಳನ್ನು ನಾಲ್ಕರ ಸಾಲಿನಲ್ಲಿ ಹೊಲಿದಿದ್ದ.

“ಇದು ಎಲ್ಲಾ ಒಂದs ಅದಾವಲ್ರಿ, ಎಂಟೂ ಎದ್ದಾವ,” ಎಂದಳು.

“ಮುಂದ ಮುಟ್ಟು. ಆ ಹುಡುಗಿ ಇಂಚರಾನ ಕೇಳಿ ಬರಸ್ಕೊಂಡು ಬಂದೀನಿ. ಎರಡನೇದ್ದರಾಗ ಮೂರು ಗುಂಡಿ ಇಲ್ಲ. ಏನದು, ಹೇಳು.”

ಅವಳು ಮುಟ್ಟಿದಳು. ತಪ್ಪು ಹೇಳಿದಳು. ಅವನಿಗೂ ಉತ್ತರ ಗೊತ್ತಿರಲಿಲ್ಲ, ಚೀಟಿ ನೋಡಬೇಕಾಯಿತು. ಇಬ್ಬರೂ ನಕ್ಕರು. ಆರು ವಾರ ದಿನವೂ ಸಂಜೆ ಅದೇ ಆಟ ನಡೆಯಿತು. ಅವನು ಹಳೆಯ ಗುಂಡಿ ಬಿಚ್ಚಿ ಹೊಸ ಸಾಲು ಹೊಲಿಯುತ್ತಿದ್ದ, ಅವಳು ಓದುತ್ತಿದ್ದಳು. ಏಳನೇ ವಾರದ ಹೊತ್ತಿಗೆ ನಾಲ್ಕನೇ ಸಾಲು ಬೆರಳಿಗೆ ಬಂತು.

ಆ ಆರು ವಾರವೂ ಕಂಟ್ರೋಲ್ ರೂಮಿನಲ್ಲಿ ಎರಡು ಯಂತ್ರಗಳೂ ಜೊತೆಗೆ ನಡೆದವು. ಆಜ್ಞೆ ಆರುಮಣಿಯದು, ಎಂಟುಮಣಿ ಪಕ್ಕದಲ್ಲಿ ನಿಂತು ಕಲಿಯುತ್ತಿತ್ತು. ಹಳೆಯ ಟೇಬಲ್‌ಗಳನ್ನೆಲ್ಲ ಹೊಸದಕ್ಕೆ ಸಾಗಿಸಬೇಕಿತ್ತು. ಹುಲಿಗೆಮ್ಮ ಹಳೆಯ ಹಾಳೆಯ ಮೇಲೆ ಬೆರಳಿಟ್ಟು, ಎಂಟರ ಲೆಕ್ಕವನ್ನು ಮನಸ್ಸಿನಲ್ಲೇ ಹದಿನಾರಕ್ಕೆ ತಿರುವಿ ಹೇಳುತ್ತಿದ್ದಳು, ಇಂಚರ ಒತ್ತುತ್ತಿದ್ದಳು. ಕೆಳಗೆ ಒಂದೊಂದು ಲೆವೆಲ್‌ಗೂ ತಣ್ಣನೆ ಗಾಳಿಯ ಒಂದು ಬಾಗಿಲು ಉಂಟು. ಗಾಳಿ ಎಲ್ಲರಿಗೂ ಹಂಚಿ ಬರಬೇಕಾದ್ದರಿಂದ ಯಾವ ಬಾಗಿಲು ಎಷ್ಟು ನಿಮಿಷಕ್ಕೊಮ್ಮೆ ತೆರೆಯಬೇಕು ಎಂಬುದೇ ಆ ಟೇಬಲ್. ಎಲ್ಲವನ್ನೂ ತಾಳೆ ನೋಡಿ ಮುಗಿಸಿದ್ದರು. ಆರುಮಣಿಯನ್ನು ನಿಲ್ಲಿಸುವ ಹಿಂದಿನ ದಿನ ಮಧ್ಯಾಹ್ನ, ಆ ವಾರವಷ್ಟೇ ತೆರೆದ ಹತ್ತೊಂಬತ್ತನೇ ಲೆವೆಲ್ಲಿನ ಒಂದು ಸಾಲು ಸೇರಿಸುವುದು ಉಳಿದಿತ್ತು. ಊಟವಾಗಿತ್ತು, ಯಾರೋ ಪೇಡೆ ಹಂಚುತ್ತಿದ್ದರು. ಹಾಳೆಯ ಮೇಲೆ ೪೦ ಇತ್ತು. ಹುಲಿಗೆಮ್ಮ ಹೇಳಿದಳು, ಇಂಚರ ಒತ್ತಿದಳು.

ಮರುದಿನ ಆರುಮಣಿ ನಿಂತು ಆಜ್ಞೆ ಎಂಟುಮಣಿಗೆ ಬಂತು. ಬೆಳಗಿನ ಪಾಳಿಗೆ ಏಳು ಜನರ ಗುಂಪು ಹತ್ತೊಂಬತ್ತಕ್ಕೆ ಇಳಿಯಿತು. ಮುಂದಾಳು ಯಮನೂರಪ್ಪ. ಹುಲಿಗೆಮ್ಮನ ದನಿ ಫೋನಿನಲ್ಲಿ ಕೇಳದೆ ಕೆಲಸ ಶುರು ಮಾಡದವನು.

ಹತ್ತು ಗಂಟೆ ದಾಟಿದ ಮೇಲೆ ಹತ್ತೊಂಬತ್ತರ ಬಿಸಿಯ ಗಂಟೆ ಬಾರಿಸಿತು. ಇಂಚರ ಪರದೆ ನೋಡಿದಳು. “ಮೂವತ್ತೆಂಟು ಡಿಗ್ರಿ ತೋರಿಸ್ತಿದೆ. ಸೆನ್ಸರ್ ಇರ್ಬೇಕು ಮೇಡಂ. ನಿನ್ನೆಯೂ ಹೀಗೇ ಸುಳ್ಳು ಬಾರಿಸಿತ್ತು. ಬಾಗಿಲು ಟೇಬಲ್ ಪ್ರಕಾರವೇ ತೆಗೀತಿದೆ.”

ಅಷ್ಟರಲ್ಲಿ ಕೆಳಗಿನಿಂದ ಫೋನ್. “ಅಕ್ಕಾರ, ಯಮನೂರಪ್ಪರಿ. ಇಲ್ಲಿ ಬಾಳ ಕಾವಾಗೇತ್ರಿ.”

“ಗಾಳಿ ಬರವಲ್ದೇನು?”

“ಬರ್ತೇತ್ರಿ, ಬರೂದಿಲ್ಲಂತಲ್ಲ. ಸಾಲವಲ್ದು. ಹೊಸಾ ಜಾಗಾ, ಹಿಂಗs ಇರ್ತದೇನೋ ಅಂತ ಸುಮ್ನಿದ್ವಿ.”

ಹುಲಿಗೆಮ್ಮ ಬ್ರೈಲ್ ಪಟ್ಟಿಯ ಮೇಲೆ ಹತ್ತೊಂಬತ್ತರ ಸಾಲು ತರಿಸಿ ಬೆರಳಿಟ್ಟಳು. ೪೦. ಮನಸ್ಸು ಅದಕ್ಕೆ ತಕ್ಷಣ ಮೂವತ್ತೆರಡು ಎಂದಿತು. ಮೂವತ್ತೆರಡು ನಿಮಿಷ, ಇರಬೇಕಾದದ್ದೂ ಅಷ್ಟೇ.

“ಟೇಬಲ್ ಸರಿ ಐತಿ,” ಎಂದಳು. “ಯಮನೂರಪ್ಪಾ, ಹುಡುಗ್ರಿಗೆ ಒಂದೀಟು ಕುಂಡ್ರಾಕ ಹೇಳಪ. ಸೆನ್ಸರ್ ನೋಡ್ತೀವಿ.”

ಹದಿನೈದು ನಿಮಿಷ ಸೆನ್ಸರ್ ನೋಡುವುದರಲ್ಲಿ ಹೋಯಿತು. ಆಮೇಲೆ ಬಂದ ದನಿ ಬೇರೆಯವನದು, ಅರಚುತ್ತಿತ್ತು. “ಅಕ್ಕಾರ! ಯಮನೂರಪ್ಪಣ್ಣ ಬಿದ್ದಾನ್ರಿ! ಮೈ ಕೆಂಡ ಆಗೇತಿ, ಮಾತ ಆಡವಲ್ಲ!”

“ಎಲ್ಲರೂ ಅವನ್ನ ಎತ್ಕೊಂಡು ಲಿಫ್ಟಿನ ಕೇಜ್ ಕಡೆ ಬರ್ರಿ,” ಎಂದು ಕೂಗುವಾಗಲೂ ಹುಲಿಗೆಮ್ಮನ ಬೆರಳು ಅದೇ ಸಾಲಿನ ಮೇಲಿತ್ತು. ಕೂಗಾಟದ ಗಡಿಬಿಡಿಯಲ್ಲಿ ಅಕ್ಷರ ಕಳೆದುಹೋಗಿ ಬರೀ ಮಣಿ ತಾಗಿತು. ಎಡಗಡೆಯ ನಾಲ್ಕರಲ್ಲಿ ಎದ್ದದ್ದು ಒಂದೇ, ಮೇಲಿನಿಂದ ಎರಡನೆಯದು. ಅದಕ್ಕೆ ಬೆಲೆ ನಾಲ್ಕು. ಇದು ಹದಿನಾರರ ಮನೆ. ನಾಲ್ಕೆಂಟಲೆ ಮೂವತ್ತೆರಡು ಅಲ್ಲ, ನಾಲ್ಕು ಹದಿನಾರಲೆ ಅರವತ್ತನಾಲ್ಕು!

ಬೆಳಗಿನಿಂದಲೂ ಬಾಗಿಲು ಎರಡು ಸಲ ತೆರೆಯಬೇಕಾದ ಹೊತ್ತಿಗೆ ಒಂದೇ ಸಲ ತೆರೆಯುತ್ತಿತ್ತು. ಎರಡು ಹದಿನಾರಲೆ ಮೂವತ್ತೆರಡು ಆಗುವಂತೆ ಇಪ್ಪತ್ತು ಎಂದು ಬರೆಯಬೇಕಾದಲ್ಲಿ ಹಳೆಯ ನಲವತ್ತೇ ಕೂತಿತ್ತು.

“ಬಾಗಿಲಾ ತೆಗಿ ಇಂಚರಾ! ಕೈಯಿಂದ ತೆಗಿ! ತೆಗದದ್ದು ಮುಚ್ಚಬ್ಯಾಡ!”

ಆರು ಜನ ಕೇಜಿನಿಂದ ತಮ್ಮ ಕಾಲ ಮೇಲೇ ಹೊರಗೆ ಬಂದರು. ಯಮನೂರಪ್ಪನನ್ನು ಹೊತ್ತು ತಂದರು. ಆಸ್ಪತ್ರೆಯಲ್ಲಿ ಎರಡು ದಿನ ಅವನಿಗೆ ಎಚ್ಚರವಿರಲಿಲ್ಲ. ಮೂತ್ರಪಿಂಡಕ್ಕೆ ಪೆಟ್ಟಾಗಿದೆ, ಬದುಕುತ್ತಾನೆ, ಆದರೆ ತಿಂಗಳುಗಟ್ಟಲೆ ಬೇಕು ಎಂದರು.

ವಿಚಾರಣೆಗೆ ಮುಂಚೆಯೇ ಗಣಿಯಲ್ಲಿ ತೀರ್ಪು ಆಗಿಹೋಗಿತ್ತು. ಆ ಸಾಲನ್ನು ಒತ್ತಿದ ಗುರುತು ಇಂಚರಳದು. ಹುಲಿಗೆಮ್ಮ ಸರಿಯಾಗಿ ಹೇಳಿರುತ್ತಾರೆ, ಹುಡುಗಿ ಪೇಡೆ ತಿನ್ನುತ್ತ ತಪ್ಪು ಒತ್ತಿದ್ದಾಳೆ ಎಂದು ಕ್ಯಾಂಟೀನಿನವರೆಗೂ ಮಾತಾಯಿತು. ಇಂಚರಳೇ ಬಂದು ಹುಲಿಗೆಮ್ಮನ ಪಕ್ಕ ಕೂತಳು. ಅತ್ತು ದನಿ ಕಟ್ಟಿತ್ತು.

“ಮೇಡಂ, ನೀವು ಇಪ್ಪತ್ತು ಅಂತಲೇ ಹೇಳಿರ್ತೀರಿ. ನಂಗೆ ನೆನಪಾಗ್ತಿಲ್ಲ. ನಾನೇ ಹಾಳೆ ನೋಡಿ ನಲವತ್ತು ಒತ್ತಿಬಿಟ್ಟೆ ಅನ್ಸುತ್ತೆ. ನಾಳೆ ಹಾಗೇ ಹೇಳ್ಬಿಡ್ತೀನಿ.”

ಆ ಹಾಳೆ ಇದ್ದದ್ದು ಬ್ರೈಲಿನಲ್ಲಿ. ಅದನ್ನು ನೋಡಿ ಒತ್ತಲು ಇಂಚರಳಿಗೆ ಬರುತ್ತಲೇ ಇರಲಿಲ್ಲ. ಆ ಗಾಬರಿಯಲ್ಲಿ ಹುಡುಗಿಗೆ ಅದೂ ಮರೆತುಹೋಗಿತ್ತು. ಹುಲಿಗೆಮ್ಮ ಏನೋ ಹೇಳಲು ಹೋದಳು. “ಊಟ ಮಾಡಿದೇನು?” ಎಂದಷ್ಟೇ ಬಾಯಿಂದ ಬಂತು.

ಮನೆಯಲ್ಲಿ ಪಂಪಾಪತಿ ಹೊಲಿಗೆ ಯಂತ್ರದ ಮುಂದಿದ್ದ. ಅವಳು ಬಾಗಿಲಲ್ಲೇ ನಿಂತು ಹೇಳಿದಳು: “ನಲವತ್ತು ಅಂದಾಕಿ ನಾನs.”

ಯಂತ್ರ ನಿಂತಿತು.

“ಉಳಿದದ್ದೆಲ್ಲಾ ತಿರುವಿ ತಿರುವಿ ಹೇಳೀನಿ. ಇದೊಂದು ಹೆಂಗ ಬಾಯಾಗ ಬಂತೋ ಹಂಗs ಅಂದುಬಿಟ್ಟೆ. ಆಮ್ಯಾಲ ಯಮನೂರಪ್ಪ ಫೋನ್ ಮಾಡಿದಾಗೂ ಅದನ್ನs ಓದಿ ಸರಿ ಐತಿ ಅಂದೆ. ಎರಡು ಸಲ ತಪ್ಪಿದೆ.”

“ಯಾರಿಗರ ಹೇಳಿದೇನು?”

“ಇಲ್ಲ. ಹೇಳಿದ್ರ ಆ ಕುರ್ಚಿ ಹೋಗ್ತದ. ಕುರುಡಿನ್ನ ಕುಂಡ್ರಿಸಿದ್ದs ತಪ್ಪು ಅಂತಾರ. ನನ್ನ ಹಿಂದ ಅಂಧರ ಸಾಲ್ಯಾಗಿಂದ ಮತ್ತ ಇಬ್ಬರು ಅರ್ಜಿ ಹಾಕ್ಯಾರ. ಅವರ ಬಾಗಲಾನೂ ಮುಚ್ಚತೈತಿ.” ಅವಳು ಗೋಡೆ ಹಿಡಿದು ಕೂತಳು. “ಹೇಳದಿದ್ರ ಆ ಹುಡುಗಿದು ಹೋಗ್ತದ. ಆಕಿ ತಾನs ತಪ್ಪು ಮಾಡೀನಿ ಅಂತ ನಂಬ್ಯಾಳ್ರಿ. ನನ್ನ ಮ್ಯಾಲೆ ಅಷ್ಟು ನಂಬಿಕಿ.”

ಪಂಪಾಪತಿ ಎದ್ದು ಬಂದು ಪಕ್ಕದಲ್ಲಿ ಕೂತ. ಬುದ್ಧಿ ಹೇಳುವ ಅಭ್ಯಾಸ ಅವನಿಗಿರಲಿಲ್ಲ. “ನಾ ಒಮ್ಮೆ ಒಂದು ಜಾಕೀಟಿನ ಕೊಳವಿ ತಿರುವಿ ಹೊಲಿದಿದ್ದೆ, ನಿನಗ ಹೇಳಿಲ್ಲ. ಹಾಕ್ಕೊಂಡಾವ ಅರ್ಧಕ್ಕs ಮ್ಯಾಲೆ ಬಂದ. ಕಂಪನಿ ಕೊಳವಿನs ಕೆಟ್ಟದ್ದು ಅಂತ ಬೈದ. ನಾನೂ ಹೂಂ ಅಂದೆ. ಒಂಬತ್ತು ವರ್ಷ ಆತು. ಇವತ್ತಿಗೂ ಆ ಮನುಷ್ಯಾ ಎದುರಿಗೆ ಬಂದ್ರ ನಾ ದಾರಿ ಬದಲಿ ಮಾಡ್ತೀನಿ.”

ಅವಳು ಅವನ ಕೈ ಹುಡುಕಿ ಹಿಡಿದಳು.

ವಿಚಾರಣೆಯ ಕೋಣೆಯಲ್ಲಿ ಮುಖ್ಯ ಎಂಜಿನಿಯರ್ ಇನಾಮದಾರ್ ಇದ್ದರು, ಹೊರಗಿನಿಂದ ಬಂದ ಇಬ್ಬರು ಅಧಿಕಾರಿಗಳಿದ್ದರು. ಇಂಚರ ಎದ್ದು “ನನ್ನಿಂದ” ಎಂದು ಶುರು ಮಾಡುವಷ್ಟರಲ್ಲಿ ಹುಲಿಗೆಮ್ಮ ಮೇಜಿನ ಮೇಲೆ ಆ ಹಾಳೆ ಇಟ್ಟಳು.

“ಇದು ಬ್ರೈಲ್ ಹಾಳಿ ಸರ. ಈ ಹುಡುಗಿಗೆ ಓದಾಕ ಬರೂದಿಲ್ಲ. ನಾ ಬಾಯಿಲೆ ಅಂದದ್ದನ್ನ ಒತ್ತ್ಯಾಳ. ಇದರಾಗ ಇರೂದು ಎಂಟರ ನಲವತ್ತು. ಹದಿನಾರಕ್ಕ ತಿರುವಿ ಇಪ್ಪತ್ತು ಅನ್ನಬೇಕಿತ್ತು. ನಾ ತಿರುವಲಿಲ್ಲ.”

ಇನಾಮದಾರರು ಹಾಳೆ ಎಳೆದುಕೊಂಡು ಮುಟ್ಟಿ ನೋಡಿದರು. ಆಮೇಲೆ ಹೊರಗಿನ ಅಧಿಕಾರಿಯೊಬ್ಬರು ಬಹಳ ಮೆತ್ತಗೆ, “ಹೊಸ ಪಟ್ಟಿ ಓದೋದು ನಿಮ್ಮಂಥವರಿಗೆ ಕಷ್ಟ ಆಗಿರಬೇಕು,” ಎಂದರು.

ಆ ಮೆತ್ತನೆಯ ಮಾತೇ ಅವಳಿಗೆ ಚುಚ್ಚಿತು. “ಪಟ್ಟಿ ಸರಿಯಾಗೇ ಓದೀನ್ರಿ. ನಾಲ್ಕು, ಸೊನ್ನಿ. ಬೆರಳು ತಪ್ಪಿಲ್ಲ. ತಪ್ಪಿದ್ದು ಇಪ್ಪತ್ತೊಂದು ವರ್ಷದ ರೂಢಿ. ಕಣ್ಣಿದ್ದಾವ್ರಿಗೂ ರೂಢಿ ಇರ್ತದ.”

ಆಗ ಇಂಚರ ಎದ್ದಳು. ಈ ಸಲ ಅವಳ ದನಿ ಗಟ್ಟಿಯಾಗಿತ್ತು. “ಸರ್, ಅಂಕಿಯಲ್ಲಿ ಎ ಅಥವಾ ಸಿ ಇದ್ರೆ ಇದು ಹೊಸ ಲೆಕ್ಕ ಅಂತ ಯಾರಿಗಾದ್ರೂ ಗೊತ್ತಾಗುತ್ತೆ. ನಲವತ್ತು ಎರಡು ಲೆಕ್ಕದಲ್ಲೂ ಇದೆ, ಎರಡರಲ್ಲೂ ಸರಿಯಾಗೇ ಕಾಣುತ್ತೆ. ನಾನೂ ಪರದೆ ಮೇಲೆ ಅದನ್ನೇ ನೋಡಿ ಸೆನ್ಸರ್ ಕೆಟ್ಟಿದೆ ಅಂದೆ. ಅಂಕಿ ಯಾವ ಮನೆಯದು ಅಂತ ಬರೆಯೋ ಪದ್ಧತಿ ಇಟ್ಟಿರಲಿಲ್ಲ, ಅದನ್ನ ಇಡಬೇಕಾಗಿದ್ದು ಹೊಸ ಯಂತ್ರ ತಂದ ನಾವು.”

ತೀರ್ಮಾನಕ್ಕೆ ಹನ್ನೆರಡು ದಿನ ಹಿಡಿಯಿತು. ಹುಲಿಗೆಮ್ಮ ಮೂರು ತಿಂಗಳು ಕುರ್ಚಿಯಿಂದ ದೂರ. ಇಂಚರಳ ಕೆಲಸ ಉಳಿಯಿತು. ಅಂದಿನಿಂದ ಹಿರೇಗುಡ್ಡದಲ್ಲಿ ಯಾವ ಅಂಕಿಯನ್ನೂ ಒಂಟಿಯಾಗಿ ಹೇಳುವಂತಿರಲಿಲ್ಲ. ‘ಎಂಟರ ನಾಲ್ಕು-ಸೊನ್ನೆ’, ‘ಹದಿನಾರರ ನಾಲ್ಕು-ಸೊನ್ನೆ’ ಎಂದೇ ಹೇಳಬೇಕು, ಹಾಗೆಯೇ ಬರೆಯಬೇಕು, ಕೇಳಿದವರು ತಿರುಗಿ ಹೇಳಬೇಕು. ಅಂಧರ ಶಾಲೆಯ ಇಬ್ಬರ ಅರ್ಜಿಗಳ ಬಗ್ಗೆ ಯಾರೂ ಏನೂ ಹೇಳಲಿಲ್ಲ. ಇನಾಮದಾರರು ಅವನ್ನು ಹರಿಯಲಿಲ್ಲ, ಅರ್ಜಿ ಹಾಕಿದವರನ್ನು ಕರೆಯಲೂ ಇಲ್ಲ.

ಹುಲಿಗೆಮ್ಮ ಆಸ್ಪತ್ರೆಗೆ ಹೋದಾಗ ಯಮನೂರಪ್ಪನ ಹೆಂಡತಿ ದುರುಗಮ್ಮ ಬಾಗಿಲಲ್ಲೇ ತಡೆದಳು. “ನಿಮ್ಮ ಅಂಕಿ ತಪ್ಪಿದ್ರ ನಮ್ಮ ಮನಿ ದೀಪಾನs ಆರತಿತ್ತು. ಏನಂತ ಬಂದೀರಿ?”

“ಅದನ್ನs ಹೇಳಾಕ ಬಂದೀನಿ, ದುರುಗಮ್ಮ. ತಪ್ಪು ನಂದು ಅಂತ.”

ದುರುಗಮ್ಮ ಒಳಗೆ ಬಿಡಲಿಲ್ಲ. ಮರುವಾರವೂ ಬಿಡಲಿಲ್ಲ. ಮೂರನೇ ಸಲ ಒಳಗಿನಿಂದಲೇ ಯಮನೂರಪ್ಪನ ಸಣ್ಣ ದನಿ ಬಂತು, “ಬರ್ಲಿ ಬಿಡs.” ಹುಲಿಗೆಮ್ಮ ಮಂಚದ ಪಕ್ಕ ಕೂತು ನಡೆದದ್ದೆಲ್ಲ ಹೇಳಿದಳು. ಆರು ಮಣಿ, ಎಂಟು ಮಣಿ, ಎಂಟರ ಮನೆ, ಹದಿನಾರರ ಮನೆ. ಅವನು ಕೇಳಿ ಮುಗಿಸಿ, “ನಮ್ಮಜ್ಜಿ ಹೇಳ್ತಿದ್ಳು,” ಎಂದ, “ಆಕಿ ತೌರೂರಿನ ಸೇರೇ ಬ್ಯಾರೆ, ಗಂಡನ ಊರಿನ ಸೇರೇ ಬ್ಯಾರೆ ಇತ್ತಂತ. ಬಂದ ಹೊಸದರಾಗ ಒಂದು ಸೇರು ಅಂತ ಅಕ್ಕಿ ಹಾಕಿ ಮನಿಮಂದೀನ ಅರ್ಧ ಹೊಟ್ಟೀಲೆ ಮಲಗಿಸಿದ್ಳಂತ.” ಆಮೇಲೆ ಸೇರಿಸಿದ: “ಅದು ಅಕ್ಕಿ ಇತ್ತು ಬಿಡ್ರಿ. ಇದು ಉಸುರು.”

ಕ್ಷಮಿಸಿದೆ ಎಂದು ಅವನು ಹೇಳಲಿಲ್ಲ, ಅವಳು ಕೇಳಲಿಲ್ಲ. ದುರುಗಮ್ಮ ಮಾತ್ರ ಅವತ್ತು ಹೊರಡುವಾಗ ಮೆಟ್ಟಿಲವರೆಗೂ ಕೈ ಹಿಡಿದು ಬಂದಳು.

ಮೂರು ತಿಂಗಳು ಕಳೆದು ಹುಲಿಗೆಮ್ಮ ಮರಳಿ ಕೂತ ದಿನ ಕಂಟ್ರೋಲ್ ರೂಮಿನಲ್ಲಿ ಹಳೆಯ ಗಲಾಟೆಯಿರಲಿಲ್ಲ. ಇಂಚರ ಕುರ್ಚಿ ಸರಿಸಿಕೊಟ್ಟಳು. ಬೆಳಗಿನ ಪಾಳಿ ಕೇಜ್ ಹತ್ತುವ ಹೊತ್ತು. ಫೋನ್ ಬಂತು. ಆ ಕಡೆ ಉಸಿರಾಟ ಕೇಳಿಸಿತು.

“ಅಕ್ಕಾರ, ಯಮನೂರಪ್ಪರಿ. ಇವತ್ತs ಮೊದಲ ಸಲ ಇಳ್ಯಾಕತ್ತೀನಿ. ಹತ್ತೊಂಬತ್ತಕ್ಕs.”

“ಗೊತ್ತು. ನಾನೂ ಇವತ್ತs ಕುಂತೀನಿ.”

“ಹೌದೇನ್ರಿ. ಬಾಗಲಾ ಎಷ್ಟಕ್ಕ ತೆರೀತದರಿ?”

ಅವಳು ಸಾಲು ತರಿಸಿದಳು. ಬೆರಳಿಟ್ಟಳು. ಒಂದೊಂದು ಮಣಿಯನ್ನೂ ಎಣಿಸಿದಳು, ಎಡಗಡೆಯ ನಾಲ್ಕು, ಬಲಗಡೆಯ ನಾಲ್ಕು. ಮತ್ತೊಮ್ಮೆ ಎಣಿಸಿ, “ಹದಿನಾರರ ಎರಡು-ಸೊನ್ನಿ,” ಎಂದಳು. ಇಂಚರ ಪಕ್ಕದಲ್ಲಿ ನಿಂತು ಮೆಲ್ಲಗೆ ತಿರುಗಿ ಹೇಳಿದಳು.

“ಮೂವತ್ತೆರಡು ನಿಮಿಷಕ್ಕ,” ಎಂದಳು ಹುಲಿಗೆಮ್ಮ.

“ಯಾರ ಮೂವತ್ತೆರಡ್ರಿ? ಎಂಟರದೋ, ಹದಿನಾರರದೋ?”

“ನಿನ್ನ ಕೈಗಡಿಯಾರದ್ದು, ಯಮನೂರಪ್ಪಾ.”

“ಹಂಗಾರ ಇಳೀತೀವ್ರಿ,” ಎಂದ ಅವನು. ಕೇಜ್‌ನ ಬಾಗಿಲು ಮುಚ್ಚಿದ ಸದ್ದು ಫೋನಿನಲ್ಲಿ ಕೇಳಿಸಿತು.